ಹ್ಯಾಂಡಲ್ ಲಾಕ್ ಹಾಕದ ಊರಿನಲ್ಲೊಂದು ಇಳಿಜಾರು ಮಹಡಿ

ಆ ಕಟ್ಟಡವನ್ನು ಏನೆಂದು ಕರೆಯಬೇಕು ಎನ್ನುವುದೇ ನನಗೆ ಬಹಳ ದಿನ ಗೊತ್ತಾಗಲಿಲ್ಲ. ರೈಲ್ವೆಯವರ ಕಾಗದದಲ್ಲಿ ಅದು ಸ್ಟೇಷನ್ನಿನ ಹೆಚ್ಚುವರಿ ಸೌಲಭ್ಯ. ನಗರಪಾಲಿಕೆಯವರಿಗೆ ಬಹುಮಹಡಿ ಪಾರ್ಕಿಂಗ್. ಬಸ್ಸಿನವರಿಗೆ ಅದೊಂದು ಬಸ್ ನಿಲ್ದಾಣ, ಮೇಲೆ ಯಾರದೋ ಒಂದಿಷ್ಟು ಮಹಡಿ. ಕೆಳಗೆ ಸಿಟಿ ಬಸ್ಸು, ಆಟೋ ನಿಲ್ಲಬೇಕು. ಮೇಲಿನ ಮಹಡಿಗಳಲ್ಲಿ ಜನ ಸ್ಕೂಟರು, ಕಾರು ಬಿಟ್ಟು ಒಂದು ಕಾಲುಸೇತುವೆ ದಾಟಿ ನೇರ ಲೋಕಲ್ ರೈಲಿನ ಪ್ಲಾಟ್‌ಫಾರ್ಮಿಗೆ ಇಳಿಯಬೇಕು. ಮೂರು ಇಲಾಖೆಗೂ ಮೂರು ಬೇರೆ ನಿಯಮ. ನೆಲಮಹಡಿ ಅಂದರೆ ಯಾವುದು ಎಂಬುದರಲ್ಲೂ ಒಮ್ಮತವಿಲ್ಲ. ರಸ್ತೆ ಒಂದು ಎತ್ತರದಲ್ಲಿದ್ದರೆ ಹಳಿ ಇನ್ನೊಂದು ಎತ್ತರದಲ್ಲಿ, ಪ್ಲಾಟ್‌ಫಾರ್ಮು ಅದಕ್ಕಿಂತ ಮೇಲೆ. ನಾನು ನಕ್ಷೆಯ ಮೂಲೆಯಲ್ಲಿ ಕಟ್ಟಡದ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟು ಸರ್ ಮುಂದೆ ಹಿಡಿದೆ.

“ಇರ್ಲಿ ಬಿಡವಾ,” ಎಂದರು ಸರ್. “ಮೊದ್ಲು ಹುಟ್ಲಿ. ಹೆಸರು ಆಮ್ಯಾಲೆ ಇಟ್ರಾತು.”

ಹೈದರಾಬಾದು ಇನ್ನೂ ಇಡೀ ಆಂಧ್ರದ ರಾಜಧಾನಿಯಾಗಿದ್ದ ಕಾಲ ಅದು. ಲೋಕಲ್ ರೈಲು ಹೊಸದಾಗಿ ಓಡತೊಡಗಿತ್ತು. ಮಾದಾಪುರದ ಕಡೆ ಗಾಜಿನ ಆಫೀಸುಗಳು ಒಂದರ ಹಿಂದೊಂದು ಏಳುತ್ತಿದ್ದವು, ಅಲ್ಲಿಗೆ ಹೋಗುವವರೆಲ್ಲ ಎರಡು ಗಾಡಿ ಬದಲಿಸಿ ಹೋಗುತ್ತಿದ್ದರು. ನಮ್ಮ ಆಫೀಸು ಸಿಕಂದರಾಬಾದಿನಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ. ಅಲ್ಲಿ ಇದ್ದವರು ಸರ್ ಮತ್ತು ನಾನು. ಸರ್ ಗದಗಿನ ಕಡೆಯವರು, ಕೇಂದ್ರ ಸರ್ಕಾರದ ಉದ್ಯಮವೊಂದರಲ್ಲಿ ಇಂಜಿನಿಯರಾಗಿ ನಿವೃತ್ತರಾಗಿ ಈ ಆಫೀಸು ತೆರೆದಿದ್ದರು. ನಾನು ರಕ್ಷಣಾ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ರಸ್ತೆಯಲ್ಲಿ ಹಿಂದಿ. ಮೂರನ್ನೂ ಬೆರೆಸದೆ ನನಗೆ ಜಗಳವಾಡಲು ಬರುವುದಿಲ್ಲ.

ಸಮಸ್ಯೆ ಇದ್ದದ್ದು ಜಾಗದ್ದು. ಹಳಿಗೂ ರಸ್ತೆಗೂ ನಡುವೆ ಓಣಿಯಂಥ ಉದ್ದನೆಯ ತುಂಡು. ಅದರಲ್ಲಿ ಗಾಡಿ ಮೇಲೆ ಹತ್ತುವುದಕ್ಕೆ ಬೇರೆ ರ‍್ಯಾಂಪ್ ಕಟ್ಟಿದರೆ ನಿಲ್ಲಿಸುವುದಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಸರ್ ಇದಕ್ಕೊಂದು ಉಪಾಯ ತಂದರು. ಹಳಿಯ ಕಡೆಯ ಅರ್ಧ ಮಹಡಿಯನ್ನೇ ಇಳಿಜಾರಾಗಿಸುವುದು. ಇಪ್ಪತ್ತು ಅಡಿ ನಡೆದರೆ ಒಂದು ಅಡಿ ಏರು. ಗಾಡಿಗಳು ಆ ಇಳಿಜಾರಿನ ಮೇಲೆಯೇ ನಿಲ್ಲುತ್ತವೆ, ಅದರ ಮೇಲೆಯೇ ಸಾಗಿ ಮುಂದಿನ ಮಹಡಿ ಸೇರುತ್ತವೆ. ರ‍್ಯಾಂಪೂ ಅದೇ, ಪಾರ್ಕಿಂಗೂ ಅದೇ. ವಿದೇಶದ ಕೈಪಿಡಿಗಳಲ್ಲಿ ಇಂಥ ಕಟ್ಟಡಗಳ ಚಿತ್ರ ಎಷ್ಟೋ ಇದ್ದವು. ನಿಜ ಹೇಳುತ್ತೇನೆ, ಕಾಗದದ ಮೇಲೆ ಅದು ತುಂಬ ಚೆಂದ ಕಾಣುತ್ತಿತ್ತು.

ಆದರೆ ಕೆಲಸ ಕೊಡುವ ಸಮಿತಿಯ ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲ. ಅವರು ನಗರಪಾಲಿಕೆಯ ಹಿರಿಯ ಅಧಿಕಾರಿ. ಅವರ ಮನಸ್ಸು ಒಂದು ದೊಡ್ಡ ಕಂಪನಿಯ ಕಡೆಗಿತ್ತು, ಆ ಕಂಪನಿಯದು ಮಾಮೂಲಿ ಕಟ್ಟಡ. ಸಮಿತಿಯ ಸಭೆಯಲ್ಲಿ ಸರ್ ಎದ್ದು ನಿಂತು, “ಈ ಮಹಡಿ ಕೆಲಸ ಮಾಡುತ್ತದೆ, ನಾನು ಸಹಿ ಹಾಕುತ್ತೇನೆ. ಇದನ್ನು ಬದಲಿಸಬೇಕಾಗಿ ಬಂದರೆ ಕೆಲಸ ನಮ್ಮಿಂದ ತೆಗೆದುಕೊಂಡು ಅವರಿಗೆ ಕೊಡಿ,” ಎಂದುಬಿಟ್ಟರು. ಅಧ್ಯಕ್ಷರು ಪಕ್ಕದವರಿಗೆ, “ಇದನ್ನು ಬರೆದುಕೊಳ್ಳಿ,” ಎಂದರು. ಕೆಳಗಿಳಿದು ಬರುವಾಗ, ಹಾಗೇಕೆ ಹೇಳಿದಿರಿ ಎಂದು ಕೇಳಿದೆ.

“ಜೀವಮಾನ ಎಲ್ಲಾ ಕಾಂಪೌಂಡ್ ಗ್ವಾಡಿ, ನೀರಿನ ಟಾಕಿ ಮಾಡೀನವಾ,” ಎಂದರು. “ಇದೊಂದು ಎದ್ದು ನಿಂತ್ರ ಸಾಕು. ಆಮ್ಯಾಲೆ ಆಫೀಸಿನ ಕೀಲಿ ನಿನ್ನ ಕೈಯಾಗ ಕೊಟ್ಟು ಮನಿಯಾಗ ಕುಂದರ್ತೀನಿ.”

ಹಾಗಾಗಿ ಅಲ್ಲಿಂದ ಮುಂದೆ ಆ ಇಳಿಜಾರು ಅಂದರೆ ಸರ್ ಕೊಟ್ಟ ಮಾತು. ಅದು ಉಳಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಹಳಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಹಲಗೆ ಕಟ್ಟಿ ಕಾಂಕ್ರೀಟು ಹಾಕುವುದಕ್ಕೆ ರೈಲ್ವೆ ಒಪ್ಪುವುದಿಲ್ಲ. ಅದಕ್ಕೇ ಪ್ರೀಕಾಸ್ಟ್. ಕಂಬ, ತೊಲೆ, ಮಹಡಿಗೆ ಹಾಸುವ ಕಾಂಕ್ರೀಟ್ ಹಲಗೆ ಎಲ್ಲವನ್ನೂ ನಾಚಾರಂನ ಯಾರ್ಡಿನಲ್ಲಿ ಅಚ್ಚಿಗೆ ಎರಕ ಹೊಯ್ದು, ಟ್ರೇಲರಿನಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸುವುದು. ಕಂಬದ ಮೈಯಿಂದ ಗಿಡ್ಡ ತೋಳುಗಳು ಹೊರಚಾಚಿರುತ್ತವೆ. ನಾವು ಅವನ್ನು ಬ್ರ್ಯಾಕೆಟ್ ಅನ್ನುತ್ತೇವೆ. ಅವುಗಳ ಮೇಲೆ ತೊಲೆ ಕೂರುತ್ತದೆ, ತೊಲೆಯ ಮೇಲೆ ಹಲಗೆ. ಒಮ್ಮೆ ಎರಕ ಹೊಯ್ದ ಮೇಲೆ ಬ್ರ್ಯಾಕೆಟ್ಟನ್ನು ಒಂದು ಬೆರಳಿನಷ್ಟೂ ಆಚೀಚೆ ಸರಿಸಲಾಗದು. ಮನೆ ಕಟ್ಟುವಾಗ ಮೇಸ್ತ್ರಿಗೆ, ಸ್ವಲ್ಪ ಮೇಲೆ ಮಾಡಪ್ಪ ಎಂದ ಹಾಗೆ ಇಲ್ಲಿ ಹೇಳುವಂತಿಲ್ಲ.

ಇದಕ್ಕಾಗಿ ಸರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿ ಕಂಬಕ್ಕೂ ದಪ್ಪ ಕಾಗದದ ಒಂದು ಪಟ್ಟಿ, ಅಳತೆಗೆ ಸರಿಯಾಗಿ ಬ್ಲೇಡಿನಿಂದ ಕತ್ತರಿಸಿದ್ದು, ಬ್ರ್ಯಾಕೆಟ್ಟುಗಳ ಸಮೇತ. ಯಾರ್ಡಿಗೆ ನಕ್ಷೆ ಕಳಿಸುವ ಮುಂಚೆ ಆ ಪಟ್ಟಿಗಳನ್ನು ಮೇಜಿನ ಮೇಲೆ ನಿಲ್ಲಿಸಿದಂತೆ ಸಾಲಾಗಿ ಇಟ್ಟು ನೋಡಬೇಕು. ಕಂಪ್ಯೂಟರಿನಲ್ಲಿ ಎಲ್ಲ ಸರಿ ಬಂದಿದೆಯಲ್ಲ ಎಂದು ನಾನು ಗೊಣಗಿದರೆ, “ಕಂಪ್ಯೂಟರ್ ನೀ ಏನ್ ಹೇಳಿದ್ರೂ ಹೂಂ ಅಂತೈತಿ. ಕಾಗದ ಅನ್ನಂಗಿಲ್ಲ,” ಎನ್ನುತ್ತಿದ್ದರು. ನನಗೆ ಅದು ಚಿಕ್ಕ ಮಕ್ಕಳ ಆಟದಂತೆ ಕಂಡು ಸಿಟ್ಟು ಬರುತ್ತಿತ್ತು. ಬೆರಳು ಕೊಯ್ದುಕೊಂಡದ್ದು ಬೇರೆ.

ಹಳಿಯ ಕಡೆಯ ಸಾಲಿನಲ್ಲಿ ಏಳು ಕಂಬ. ಅಚ್ಚು ಒಂದೇ ಆದ್ದರಿಂದ ಏಳೂ ಒಂದೇ ಉದ್ದ. ಆದರೆ ಮಹಡಿ ಏರುತ್ತ ಹೋಗುವುದರಿಂದ ಒಂದು ಕಂಬದ ಬ್ರ್ಯಾಕೆಟ್ಟಿಗಿಂತ ಮುಂದಿನದರ ಬ್ರ್ಯಾಕೆಟ್ಟು ಅಡಿಗಿಂತ ತುಸು ಮೇಲೆ, ಅದರ ಮುಂದಿನದು ಇನ್ನೂ ಮೇಲೆ. ಏರು ಸ್ಟೇಷನ್ನಿನ ದಿಕ್ಕಿಗೆ. ಆ ಕಡೆಯ ಕ್ರೇನ್ ಕೆಲಸಕ್ಕೆ ರೈಲ್ವೆ ಮೊದಲು ಅನುಮತಿ ಕೊಡುವುದಿದ್ದರಿಂದ ಆ ಏಳು ಕಂಬಗಳನ್ನೇ ಮೊದಲು ಎರಕ ಹೊಯ್ದೆವು. ಏಳೂ ಚೆನ್ನಾಗಿ ಬಂದವು. ಯಾರ್ಡಿನಲ್ಲಿ ಅವು ಮಲಗಿದ್ದುದನ್ನು ಸರ್ ಅಂಗೈಯಿಂದ ಸವರಿ ನೋಡಿದರು.

ಎಡವಟ್ಟಾದದ್ದು ಹಲಗೆಗಳನ್ನು ಪರೀಕ್ಷಿಸುವ ದಿನ. ಪಕ್ಕಪಕ್ಕದ ಹಲಗೆಗಳ ಅಂಚು ಸಮ ಬರುತ್ತದೋ ಇಲ್ಲವೋ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಯಾರ್ಡಿನಲ್ಲೇ ಮೂರು ಹಲಗೆಗಳನ್ನು ನಿಜವಾದ ಇಳಿಜಾರಿಗೆ ಹೊಂದಿಸಿ ಇಡಿಸಿದ್ದೆವು. ನಾನು ಸ್ಕೂಟರಿನಲ್ಲಿ ಹೋಗಿದ್ದೆ. ಕೊಡದಿಂದ ನೀರು ಸುರಿದು ನೋಡಿದೆವು, ಚೆನ್ನಾಗಿ ಹರಿಯಿತು. ಸರ್ ಹಲಗೆಯ ಕೆಳತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಸಂದು ಅಳೆಯುತ್ತಿದ್ದರು. ಅಷ್ಟರಲ್ಲಿ ಟ್ರೇಲರು ಹಿಮ್ಮುಖವಾಗಿ ಒಳಗೆ ಬಂತು, ನನ್ನ ಗಾಡಿ ಅಡ್ಡವಿತ್ತು. ಯಾರ್ಡಿನ ಮ್ಯಾನೇಜರು, “ಬಂಡಿ ಪಕ್ಕನ ಪೆಡತಾ ಮೇಡಮ್,” ಎಂದು ಅದನ್ನು ಪಕ್ಕಕ್ಕಿಡಲು ತಳ್ಳಿಕೊಂಡು ಹೋಗಿ, ಬೇರೆ ಖಾಲಿ ಜಾಗ ಕಾಣದೆ ನಮ್ಮ ಹಲಗೆಯ ಮೇಲೆಯೇ ಹತ್ತಿಸಿ ಸ್ಟ್ಯಾಂಡ್ ಹಾಕಿದರು.

ಟ್ರೇಲರು ಪಕ್ಕದಲ್ಲಿ ಸಾಗಿದಾಗ ನೆಲ ಸ್ವಲ್ಪ ನಡುಗಿರಬೇಕು. ಗಾಡಿ ಸ್ಟ್ಯಾಂಡಿನಿಂದ ಇಳಿಯಿತು. ಇಳಿದು, ಯಾವ ಅವಸರವೂ ಇಲ್ಲದೆ ಕೆಳಗೆ ಹೊರಟಿತು. ನಾನು, “ಸರ,” ಎಂದಷ್ಟೇ ಕೂಗಿದೆ. ಸರ್ ಕೈ ಹಿಂದಕ್ಕೆಳೆದುಕೊಂಡರು. ಅವರ ಬೆರಳಿದ್ದ ಸಂದಿನ ಮೇಲೆಯೇ ಚಕ್ರ ಹಾದು, ಗಾಡಿ ಅಂಚು ದಾಟಿ ಮರಳಿನ ರಾಶಿಗೆ ಬಿತ್ತು. ಕನ್ನಡಿ ಒಡೆದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

“ಲಾಕ್ ಯಾಕೆ ಹಾಕಿರಲಿಲ್ಲ ಮೇಡಮ್?” ಎಂದು ಮ್ಯಾನೇಜರು ತೆಲುಗಿನಲ್ಲಿ ನನ್ನ ಮೇಲೆಯೇ ತಿರುಗಿಬಿದ್ದರು.

“ನೀವು ಹಾಕ್ತೀರಾ?” ಎಂದೆ.

ಅವರು ಗೋಡೆಯ ಬದಿಯಿದ್ದ ತಮ್ಮ ಗಾಡಿಯ ಕಡೆ ನೋಡಿದರು. ಸರ್ ಎದ್ದು ಯಾರ್ಡಿನ ಗೋಡೆಯ ಬದಿ ನಿಲ್ಲಿಸಿದ್ದ ಗಾಡಿಗಳ ಸಾಲಿಗೆ ಹೋದರು. ಮೊದಲನೆಯದರ ಹ್ಯಾಂಡಲ್ ಹಿಡಿದು ಅಲ್ಲಾಡಿಸಿದರು, ಸಲೀಸಾಗಿ ತಿರುಗಿತು. ಎರಡನೆಯದು, ಮೂರನೆಯದು, ಹಾಗೇ ಕೊನೆಯವರೆಗೆ. ಒಂದಕ್ಕೂ ಲಾಕ್ ಇಲ್ಲ, ಎಲ್ಲವೂ ನ್ಯೂಟ್ರಲ್. ಆ ಗಾಡಿಗಳೆಲ್ಲ ಒಂದೊಂದಾಗಿ ಸರ್‌ಗೆ ಅಲ್ಲ, ಅಲ್ಲ ಎಂದು ತಲೆ ಅಲ್ಲಾಡಿಸುತ್ತಿರುವಂತೆ ನನಗೆ ಕಂಡಿತು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲಿ ಸ್ಟೇಷನ್ ಇರಲಿ, ಸಿನಿಮಾ ಟಾಕೀಸಿರಲಿ, ಸ್ಟ್ಯಾಂಡಿನವನು ಚೀಟಿ ಕೊಡುವಾಗಲೇ, “ಹ್ಯಾಂಡಲ್ ಲಾಕ್ ನಕ್ಕೋ,” ಎನ್ನುತ್ತಾನೆ. ಹಾಕಬೇಡಿ ಅಂತ. ಜಾಗ ಕಡಿಮೆ, ಗಾಡಿ ಹೆಚ್ಚು. ಅವನು ಗಾಡಿಗಳನ್ನು ತಳ್ಳಿ, ಸರಿಸಿ, ಒಂದರ ಪಕ್ಕೆಗೊಂದು ಒತ್ತಿ ಇನ್ನಷ್ಟು ಸೇರಿಸಬೇಕು. ಲಾಕ್ ಹಾಕಿ ಹೋದವರ ಗಾಡಿ ಸಂಜೆ ಬಿಸಿಲಲ್ಲೋ ಚರಂಡಿ ಬದಿಯಲ್ಲೋ ಸಿಗುತ್ತದೆ. ನಮ್ಮಪ್ಪ ಲಾಕ್ ಹಾಕುತ್ತಿರಲಿಲ್ಲ, ನಾನೂ ಹಾಕಿದವಳಲ್ಲ. ಇಳಿದ ಕೂಡಲೇ ನ್ಯೂಟ್ರಲ್ಲಿಗೆ ತರುವುದು ಕೈಗೆ ಅಂಟಿದ ಅಭ್ಯಾಸ, ಅದನ್ನು ಯೋಚಿಸಿ ಮಾಡುವವರೇ ಇಲ್ಲ. ಕೈಪಿಡಿ ಬರೆದವರ ಊರಿನಲ್ಲಿ ಕಾರಿಗೆ ಬ್ರೇಕು ಎಳೆದು, ಗೇರಿನಲ್ಲಿಟ್ಟು ಹೋಗುತ್ತಿದ್ದರು. ಅವರಿಗೆ ಇಳಿಜಾರು ಸರಿ. ನಮ್ಮ ಮಹಡಿಯ ಮೇಲೆ ಒಂದಕ್ಕೊಂದು ಒತ್ತಿ ನಿಲ್ಲಿಸಿದ ಸ್ಕೂಟರುಗಳ ಸಾಲಿನಲ್ಲಿ ಮೇಲಿನದೊಂದು ಸ್ಟ್ಯಾಂಡಿನಿಂದ ಇಳಿದರೆ? ಕೆಳತುದಿಯಲ್ಲಿ ರೈಲು ಹಿಡಿಯಲು ಓಡುವ ಜನ ಇದ್ದರೆ?

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಗಿರ್ರೆನ್ನುತ್ತದೆ. ಚಕ್ರಕ್ಕೆ ತಡೆಯಾಗಿ ಕಾಂಕ್ರೀಟಿನ ದಿಂಡು ಹಾಕೋಣವೆಂದೆ. ಹಾಕಿದರೆ ಗಾಡಿ ಸರಿಸಲಾಗದು, ಅರ್ಧ ಗಾಡಿಗಳು ರಸ್ತೆಯಲ್ಲೇ ಉಳಿಯುತ್ತವೆ. ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸೋಣವೆಂದೆ. ಒಂದು ವಾಲಿದರೆ ಇಡೀ ಸಾಲು ಮಲಗುತ್ತದೆ. ಗೇರಿನಲ್ಲಿಡಿ ಎಂದು ಹೇಳೋಣವೇ? ಹೊಸ ಸ್ಕೂಟರುಗಳಿಗೆ ಗೇರೇ ಇಲ್ಲ. ಲೆಕ್ಕ ಹಾಕಿದೆ, ಒಮ್ಮೆ ನಿಲ್ಲುತ್ತದೆ ಎಂದು ಬಂತು, ಇನ್ನೊಮ್ಮೆ ಉರುಳುತ್ತದೆ ಎಂದು. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ.

“ಬೋರ್ಡ್ ಹಾಕೋಣು,” ಎಂದರು ಸರ್ ಒಂದು ಮಧ್ಯಾಹ್ನ. “ಲಾಕ್ ಹಾಕ್ರಿ ಅಂತ ಮೂರೂ ಭಾಷಾದಾಗ.” ಆಮೇಲೆ ತಾವೇ, “ಯಾರ್ ಓದ್ತಾರ,” ಎಂದರು.

ಕೊನೆಗೆ ಸ್ಟ್ಯಾಂಡ್ ನಡೆಸುವವರನ್ನೇ ಕೇಳೋಣವೆಂದು ಸಿಕಂದರಾಬಾದ್ ಸ್ಟೇಷನ್ನಿನ ಬಳಿ ಒಂದು ಸ್ಟ್ಯಾಂಡಿಗೆ ಹೋದೆವು. ಅದರ ಗುತ್ತಿಗೆ ಹಿಡಿದಿದ್ದ ಹೆಂಗಸು ಕಲಬುರಗಿಯ ಕಡೆಯವರು, ಗಟ್ಟಿ ದನಿಯವರು. ನಾವು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಖುಷಿಯಾಗಿ ಕುರ್ಚಿ ಹಾಕಿಸಿದರು.

“ನೆಲ ಇಳಿಜಾರ ಇದ್ರ ಗಾಡಿ ನಿಲ್ಲಸಾಕ ಆಗ್ತದೇನ್ರಿ?” ಎಂದು ಸರ್ ಕೇಳಿದರು.

“ಯಾಕಾಗಂಗಿಲ್ರಿ? ಗಾಲಿಗೆ ಇಟ್ಟಂಗಿ ಇಡ್ತೀವಿ.”

“ಎಲ್ಲಾರ ಕೈಲಿಂದ ಲಾಕ್ ಹಾಕಿಸಿದ್ರ?”

“ಹಾಕಸೋಣ್ರಿ.”

“ಲಾಕ್ ಹಾಕಿದ್ರ ಸರಸೋದು ಹ್ಯಾಂಗ?”

“ಸರಸಂಗಿಲ್ರಿ.”

“ಸರಸ್ಲಿಲ್ಲಂದ್ರ ಎಲ್ಲಾ ಗಾಡಿ ಹಿಡಸ್ತಾವೇನು?”

“ಹಿಡಸ್ತಾವ್ರಿ. ಯಾಕ ಹಿಡಸಂಗಿಲ್ಲ?” ಎಂದವರೇ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ಅದು ಬಿಡ್ರಿ. ಅಲ್ಲಿ ಟೆಂಡರ್ ಯಾವಾಗ ಕರೀತಾರ? ಅಷ್ಟ ಹೇಳ್ರಿ,” ಎಂದರು.

ಅವರು ಹೇಳುತ್ತಿದ್ದಾಗಲೇ ಅವರ ಕೆಲಸದವನು ನನ್ನ ಸ್ಕೂಟರಿನ ಹ್ಯಾಂಡಲ್ ಹಿಡಿದು ಪಕ್ಕಕ್ಕೆಳೆದು ಅಲ್ಲಿ ಇನ್ನೆರಡು ಗಾಡಿ ತುರುಕಿದ. ಸರ್ ಅದನ್ನು ನೋಡಿದರು, ನಾನೂ ನೋಡಿದೆ. ಹೋಗುವಾಗ ಇದ್ದ ಗೊಂದಲಕ್ಕಿಂತ ಹೆಚ್ಚಿನದನ್ನು ಹೊತ್ತು ವಾಪಸಾದೆವು.

ಈ ನಡುವೆ ನಾಚಾರಂನಿಂದ ಫೋನಿನ ಮೇಲೆ ಫೋನು. ನಡುವಿನ ಸಾಲಿನ ಕಂಬಗಳಿಗೆ ಅಚ್ಚು ಹೊಂದಿಸಲೋ ಬೇಡವೋ, ಬೇಡವಾದರೆ ಬೇರೆಯವರ ಕೆಲಸ ಹಿಡಿಯುತ್ತೇನೆ ಎಂದು ಮ್ಯಾನೇಜರು. ನಾಳೆ ಹೇಳುತ್ತೇವೆ ಎಂದು ನಾನು. ಆ ಕಂಬಗಳಿಗೆ ಒಂದು ಮಗ್ಗುಲಲ್ಲಿ ಸಮತಟ್ಟು ಮಹಡಿಯ ಬ್ರ್ಯಾಕೆಟ್ಟು, ಇನ್ನೊಂದರಲ್ಲಿ ಇಳಿಜಾರಿನದು. ಅವನ್ನು ಎರಕ ಹೊಯ್ದರೆ ಇಳಿಜಾರು ಖಾಯಂ. ಹೊಯ್ಯದಿದ್ದರೆ, ಆಗಲೇ ಆಗಿಹೋದ ಏಳು ಕಂಬಗಳನ್ನು ಏನು ಮಾಡುವುದು? ಸಮ ಮಹಡಿಗೆ ಅವು ಹೊಂದುವುದಿಲ್ಲ. ಅವನ್ನು ಒಡೆದುಹಾಕಿ ಸಮಿತಿಯ ಮುಂದೆ ನಿಲ್ಲುವುದೆಂದರೆ ದೊಡ್ಡ ಕಂಪನಿಗೆ ನಾವೇ ಹೂಮಾಲೆ ಹಾಕಿ ಕರೆದಂತೆ.

ಒಂದು ದಿನ ಸರ್ ಬ್ಯಾಂಕಿಗೆ ಹೋಗಿದ್ದರು. ನಾನು ಏಳು ಪಟ್ಟಿಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತಿದ್ದೆ. ಬುಡಗಳೆಲ್ಲ ಅಡಿಕೋಲಿಗೆ ತಾಗಿ ಒಂದೇ ಗೆರೆಯಲ್ಲಿ, ಬ್ರ್ಯಾಕೆಟ್ಟುಗಳು ಮೆಟ್ಟಿಲು ಮೆಟ್ಟಿಲಾಗಿ. ಆ ಮೆಟ್ಟಿಲು ನೋಡಿ ನೋಡಿ ಸಿಟ್ಟು ಬಂದು, ಎರಡನೆಯ ಪಟ್ಟಿಯನ್ನು ಬೆರಳಿನಿಂದ ಕೆಳಕ್ಕೆಳೆದೆ, ಅದರ ಬ್ರ್ಯಾಕೆಟ್ಟು ಮೊದಲನೆಯದರ ಸಮಕ್ಕೆ ಬರುವ ಹಾಗೆ. ಮೂರನೆಯದನ್ನು ಇನ್ನಷ್ಟು ಎಳೆದೆ. ಹಾಗೆ ಏಳನೆಯದರವರೆಗೆ. ನೋಡಿದರೆ, ಒಂದು ಮಹಡಿಯ ಬ್ರ್ಯಾಕೆಟ್ಟುಗಳಷ್ಟೇ ಅಲ್ಲ, ಎಲ್ಲ ಮಹಡಿಗಳವೂ ಒಂದೊಂದು ನೇರ ಗೆರೆಗೆ ಬಂದು ಕೂತಿದ್ದವು.

ನನಗೆ ನಂಬಿಕೆ ಬರಲಿಲ್ಲ. ಎಲ್ಲೋ ತಪ್ಪು ಕತ್ತರಿಸಿದ್ದೇನೆ ಎಂದು ಅಳೆದೆ. ತಪ್ಪಿರಲಿಲ್ಲ. ಎಲ್ಲ ಮಹಡಿಗಳ ಇಳಿಜಾರೂ ಒಂದೇ ಆದ್ದರಿಂದ ಕಂಬವನ್ನು ಒಮ್ಮೆ ಕೆಳಗಿಳಿಸಿದರೆ ಎಲ್ಲ ಮಹಡಿಗಳೂ ಸಮವಾಗುತ್ತವೆ. ಅಂದರೆ ಕಂಬಗಳನ್ನು ಒಡೆಯಬೇಕಿಲ್ಲ, ಬೇರೆ ಬೇರೆ ಆಳದಲ್ಲಿ ಹೂತರೆ ಸಾಕು.

ಆಳ ಅಂದ ಕೂಡಲೇ ಮತ್ತೆ ಕಂಗಾಲಾದೆ. ಹೈದರಾಬಾದಿನಲ್ಲಿ ನೆಲ ಅಗೆಯುವುದೆಂದರೆ ಬಂಡೆ. ಹಳಿಯ ಪಕ್ಕ ಸಿಡಿಮದ್ದು ಇಡುವಂತಿಲ್ಲ. ನಮ್ಮ ಜಾಗದಲ್ಲಿ ಬಂಡೆ ಸ್ಟೇಷನ್ನಿನ ಕಡೆ ಮೇಲೆಯೇ ಇತ್ತು, ಆಚೆ ತುದಿಗೆ ಹೋದಂತೆ ಕೆಳಗಿಳಿಯುತ್ತಿತ್ತು. ಎಲ್ಲಕ್ಕಿಂತ ಆಳಕ್ಕಿಳಿಯಬೇಕಾದ ಏಳನೆಯ ಕಂಬ ಸ್ಟೇಷನ್ನಿನ ತುದಿಯಲ್ಲಿ, ಸರಿಯಾಗಿ ಬಂಡೆಯ ನೆತ್ತಿಯ ಮೇಲೆ. ಹೋಯಿತಲ್ಲ ಎಂದು ಪಟ್ಟಿಗಳನ್ನು ಗುಡಿಸಿ ಪಕ್ಕಕ್ಕಿಟ್ಟೆ. ಡಬ್ಬಿಯಲ್ಲಿದ್ದ ಉಪ್ಪಿಟ್ಟು ತಿಂದೆ. ತಿನ್ನುವಾಗ ಒಂದು ಪೆದ್ದು ಪ್ರಶ್ನೆ ಬಂತು: ಮಹಡಿ ಸಮವಾದ ಮೇಲೆ ಏಳನೆಯ ಕಂಬ ಏಳನೆಯ ಜಾಗದಲ್ಲೇ ಯಾಕೆ ನಿಲ್ಲಬೇಕು? ಕೈ ತೊಳೆದು ಬಂದು ಇಡೀ ಸಾಲನ್ನು ತಿರುವು ಮುರುವು ಮಾಡಿ ಇಟ್ಟೆ. ಬುಡಗಳು ಈಗ ಬಂಡೆಯ ಜೊತೆಗೇ ಇಳಿಯುತ್ತಿದ್ದವು. ಅಲ್ಲಲ್ಲಿ ಬಂಡೆ ಇನ್ನೂ ಕೆಳಗಿದ್ದ ಕಡೆ ಪಾಯವನ್ನು ಕಟ್ಟಿ ಎತ್ತರಿಸಿದರಾಯಿತು. ತಲೆಗಳು ಮಾತ್ರ ಛಾವಣಿಯ ಮೇಲೆ ಒಂದಕ್ಕಿಂತ ಒಂದು ಹೆಚ್ಚಾಗಿ ಹೊರಗೆ ಚಾಚಿ ನಿಂತಿದ್ದವು.

ಸರ್ ಬಂದರು. ನಾನು ಪಟ್ಟಿಗಳ ಸಾಲು ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದರು.

“ಅಂದ್ರ ನನ್ನ ರ‍್ಯಾಂಪ್ ಹೋತು,” ಎಂದರು.

“ಹೋತ್ರಿ ಸರ.”

ಚಪ್ಪಲಿ ಮೆಟ್ಟಿಕೊಂಡು ಚಹಾ ಕುಡಿಯಲು ಕೆಳಗೆ ಹೋದರು. ನನ್ನನ್ನು ಕರೆಯದೆ ಅವರು ಚಹಾಕ್ಕೆ ಹೋದದ್ದು ಅದೇ ಮೊದಲು. ನನಗೆ ಬಹಳ ಕೆಟ್ಟೆನಿಸಿತು. ಪಟ್ಟಿಗಳನ್ನು ಮುಟ್ಟದೇ ಇದ್ದಿದ್ದರೆ ಎಂದೂ ಅನಿಸಿತು.

ವಾಪಸು ಬಂದವರು ಪೆನ್ಸಿಲು ಚೂಪು ಮಾಡಿಕೊಂಡು ನನ್ನ ಎದುರಿಗೆ ಕುಳಿತರು. “ಕಾರು ಹ್ಯಾಂಗ ಏರ್ತಾವು ಹೇಳು,” ಎಂದರು. ಅದನ್ನು ಅವರೇ ಬಿಡಿಸಿದರು. ಕಾರು ಮೊದಲ ಮಹಡಿಗೆ ಮಾತ್ರ, ಅದಕ್ಕೆ ಬಸ್ಸಿನ ಜಾಗದ ಅಂಚಿನಲ್ಲಿ ಒಂದು ನೇರ ರ‍್ಯಾಂಪು. ಮೇಲಿನ ಮಹಡಿಗಳೆಲ್ಲ ಸ್ಕೂಟರಿಗೆ, ಅವಕ್ಕೆ ಇಕ್ಕಟ್ಟಾದ ರ‍್ಯಾಂಪ್ ಸಾಕು. ಕಾರಿನ ಸಂಖ್ಯೆ ಇಳಿಯುತ್ತದೆ, ಲಾಕಿಲ್ಲದ ಸ್ಕೂಟರುಗಳು ಒತ್ತಿ ನಿಂತು ಆ ಕೊರತೆ ತುಂಬುತ್ತವೆ. ಒತ್ತಿ ನಿಂತರೆ ಭಾರವೂ ಹೆಚ್ಚು, ಹಾಗಾಗಿ ಹಲಗೆಗಳ ಲೆಕ್ಕವನ್ನು ಮೊದಲಿನಿಂದ ಮಾಡಿಸಿದರು. ನನ್ನ ಲೆಕ್ಕದಲ್ಲಿ ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಅವರು ಎಷ್ಟು ಹುಡುಕಿದರೆಂದರೆ, ಸಿಗಲಿ ಎಂದು ಅವರು ಬಯಸುತ್ತಿದ್ದರು ಅಂತಲೇ ನನಗೆ ಅನಿಸಿತು. ಸಿಗಲಿಲ್ಲ.

ಸಮಿತಿಯ ಸಭೆ ಬಂದ್ ಒಂದರಿಂದಾಗಿ ಮುಂದೆ ಹೋಯಿತು, ಆಮೇಲೊಮ್ಮೆ ಸೇರಿತು. ಹೊಸ ನಕ್ಷೆಯನ್ನು ಗೋಡೆಗೆ ಅಂಟಿಸಿದೆವು. ರೈಲ್ವೆಯ ಅಧಿಕಾರಿ ಹಳಿಯ ಪಕ್ಕ ಎಷ್ಟು ಆಳ ಅಗೆಯುತ್ತೀರಿ ಎಂದರು. ಬಂಡೆಯನ್ನು ಮುಟ್ಟುವುದಿಲ್ಲ, ಮಣ್ಣು ಮಾತ್ರ ಎಂದು ತೋರಿಸಿದೆ. ಬಸ್ಸಿನವರು ತಮ್ಮ ಬಸ್ಸು ತಿರುಗುವ ಜಾಗವನ್ನಷ್ಟೇ ನೋಡಿದರು. ಅಧ್ಯಕ್ಷರು ಎದ್ದು ಬಂದು ಛಾವಣಿಯ ಮೇಲೆ ಚಾಚಿದ್ದ ಕಂಬಗಳ ಮೇಲೆ ಬೆರಳಿಟ್ಟರು. ಅವರ ಮುಖ ಅರಳಿತು.

“ಇದು ಜಾಣತನ,” ಎಂದರು ತೆಲುಗಿನಲ್ಲಿ. “ಮೇಲೆ ಇನ್ನೊಂದು ಮಹಡಿಗೆ ಈಗಲೇ ಅವಕಾಶ ಇಟ್ಟಿದ್ದೀರಿ. ನಕ್ಷೆ ಬದಲಾಯಿಸಿದ್ದು ಇದಕ್ಕೇ ಅಲ್ಲವೇ?”

ನಮ್ಮ ಊರಿನಲ್ಲಿ ಮನೆಮನೆಯ ಮಾಳಿಗೆಯ ಮೇಲೂ ಕಬ್ಬಿಣದ ಸರಳು ಚಾಚಿಕೊಂಡಿರುತ್ತದೆ, ಮುಂದೆ ಕಟ್ಟುವ ಮಹಡಿಗಾಗಿ. ಅವರು ಬೇರೆ ಏನು ತಿಳಿದಾರು? ಸುತ್ತಲಿನವರೂ ತಲೆಯಾಡಿಸಿದರು. ಸರ್ ಒಂದು ಸಲ ಹೌದು ಅಂದಿದ್ದರೆ ಮುಗಿಯುತ್ತಿತ್ತು. ಇಳಿಜಾರಿನ ಮಾತೇ ಬರುತ್ತಿರಲಿಲ್ಲ, ಕೊಟ್ಟ ಮಾತಿನ ಮಾತೂ ಬರುತ್ತಿರಲಿಲ್ಲ. ಅನ್ನಿ ಸರ, ಅನ್ನಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳಲ್ಲ, ಬೇಡಿಕೊಂಡೆ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಲ್ಲ,” ಎಂದರು. “ಅವು ಇನ್ನೊಂದು ಮಹಡಿ ಹೊರುವುದಿಲ್ಲ. ನಾನು ಮಹಡಿಯನ್ನು ಇಳಿಜಾರಾಗಿ ಬರೆದಿದ್ದೆ. ಈ ಊರಿನ ಗಾಡಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಅಷ್ಟರಲ್ಲಿ ಕಂಬ ಎರಕವಾಗಿದ್ದವು. ಮೇಲೆ ಕಾಣುತ್ತಿರುವುದು ಅದರಲ್ಲಿ ಮಿಕ್ಕಿದ್ದು.”

“ಹಿಂದೆ ನೀವು ಒಂದು ಮಾತು ಹೇಳಿದ್ದಿರಿ,” ಎಂದರು ಅಧ್ಯಕ್ಷರು.

“ಹೇಳಿದ್ದೆ. ನೀವು ಬರೆಸಿಕೊಂಡಿದ್ದೀರಿ.”

“ಈ ಸಲ ನಿಲ್ಲುತ್ತದೆ ಎಂಬುದಕ್ಕೆ?”

ಸರ್ ನನ್ನ ಕಡೆ ತಿರುಗಿದರು. “ನೀ ಹೇಳವಾ.”

ಹೇಳಿದೆ. ಮೂರು ಭಾಷೆ ಬೆರೆಸಿ, ಯಾರ್ಡು, ಟ್ರೇಲರು, ಮರಳಿನ ರಾಶಿಗೆ ಬಿದ್ದ ಸ್ಕೂಟರು, ಎಲ್ಲ. ಸರ್ ಒಂದೊಂದೇ ಹ್ಯಾಂಡಲ್ ಅಲ್ಲಾಡಿಸಿ ನೋಡಿದ್ದನ್ನೂ ಹೇಳಿದೆ. ಬಸ್ಸಿನವರು ಮೆಲ್ಲಗೆ ನಕ್ಕು, “ನನ್ನ ಗಾಡಿ ಈಗ ಕೆಳಗೆ ನ್ಯೂಟ್ರಲ್ಲಿನಲ್ಲೇ ಇದೆ,” ಎಂದರು. ರೈಲ್ವೆಯವರೂ ತಮ್ಮದೂ ಹಾಗೇ ಎಂದರು. ಅಧ್ಯಕ್ಷರು ನಕ್ಷೆಯ ಎದುರು ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು.

“ಮಹಡಿಗೆ ಅವಕಾಶ ಇದೆ ಎಂದು ನೀವು ಒಪ್ಪಿಬಿಟ್ಟಿದ್ದರೆ ಮುಂದಿನ ವರ್ಷ ನಾನೇ ಅದರ ಮೇಲೆ ಕ್ಯಾಂಟೀನು ಕಟ್ಟಿಸುತ್ತಿದ್ದೆ,” ಎಂದರು ಕೊನೆಗೆ. “ಕೆಲಸ ನಿಮ್ಮಲ್ಲೇ ಇರಲಿ. ಆದರೆ ಮೇಲೆ ಏನೂ ಕಟ್ಟಬಾರದೆಂದು ಪ್ರತಿ ಹಾಳೆಯ ಮೇಲೂ ಬರೆಯಿರಿ. ನನ್ನ ನಂತರ ಬರುವವರೂ ಆ ಕಂಬ ನೋಡಿ ನನ್ನ ಹಾಗೆಯೇ ತಿಳಿಯುತ್ತಾರೆ.”

ಸರ್ ಕೆಂಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ, ಪ್ರತಿ ಹಾಳೆಯ ಮೇಲೂ ತಮ್ಮ ಕೈಯಾರೆ ಬರೆದರು.

ಕಂಬ ನಿಲ್ಲಿಸುವಾಗಲೂ ಗೊಂದಲ ತಪ್ಪಲಿಲ್ಲ. ಸಾಲು ತಿರುವಿದ್ದರಿಂದ ಕಂಬಗಳಿಗೆ ಹೊಸ ನಂಬರು ಬರೆಸಿದ್ದೆ, ಹಳೆಯದನ್ನು ಅಳಿಸಲು ಮರೆತಿದ್ದರು. ಕ್ರೇನಿನವರು ಹಳೆಯ ನಂಬರು ನೋಡಿ ಒಂದನ್ನು ಎತ್ತಿ ಗುಂಡಿಗಿಳಿಸಿದರು. ಬ್ರ್ಯಾಕೆಟ್ಟು ನಾವು ಕಟ್ಟಿದ ದಾರಕ್ಕಿಂತ ತೊಡೆಯೆತ್ತರ ಮೇಲಿತ್ತು. ನಾನು ಹೌಹಾರಿ ಕೂಗಾಡಿದೆ, ಅವರು ಬೀಡಿ ಆರಿಸಿ ಮತ್ತೆ ಎತ್ತಿದರು. ಅದೊಂದು ಬಿಟ್ಟರೆ ಉಳಿದವೆಲ್ಲ ಕಾಗದದ ಪಟ್ಟಿಗಳಂತೆಯೇ ಕೂತವು.

ಕಟ್ಟಡ ಮುಗಿದು ಜನರಿಗೆ ತೆರೆಯಿತು. ನಕ್ಷೆಯ ಮೂಲೆಯಲ್ಲಿ ನಾನು ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಉಳಿದಿತ್ತು; ಜನ ತಾವೇ ಹೆಸರಿಟ್ಟರು. ಆಟೋದವರ ಬಾಯಲ್ಲಿ ಅದು ‘ಅಧೂರಾ ಪಾರ್ಕಿಂಗ್’ ಆಯಿತು, ಅರ್ಧಕ್ಕೆ ನಿಂತದ್ದು ಅಂತ, ಆ ಕಂಬದ ತುದಿಗಳನ್ನು ನೋಡಿ. ನನಗೆ ಮೈಯೆಲ್ಲ ಉರಿಯಿತು. ಸರ್ ಮಾತ್ರ ನಕ್ಕರು.

ಮರುವಾರ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಲ್ಲಕ್ಕೂ ಮೇಲಿನ ತೆರೆದ ಛಾವಣಿಗೆ ಹೋದೆ. ಚೀಟಿ ಹರಿದು ಕೊಟ್ಟವನು, “ಲಾಕ್ ನಕ್ಕೋ ಮೇಡಮ್,” ಎಂದ. ಸರ್ ಇಳಿದರು.

“ನೀ ಮ್ಯಾಲೇ ಕುಂತಿರು. ಇಂಜಿನ್ ಬಂದ್ ಮಾಡು. ಬ್ರೇಕ್ ಬಿಡು.”

ಬಿಟ್ಟೆ. ಸರ್ ಬಗ್ಗಿ ಮುಂದಿನ ಚಕ್ರ ನೋಡಿದರು, ಹಿಂದೆ ಬಂದು ಹಿಂದಿನದನ್ನು ನೋಡಿದರು. ನೀರು ಹರಿಯುವುದಕ್ಕೆ ಬೇಕಾದಷ್ಟೇ ವಾಟವಿದ್ದ ನೆಲ. ಗಾಡಿ ಅಲ್ಲಾಡಲಿಲ್ಲ. ಆಮೇಲೆ ಅವರು ನೆಟ್ಟಗಾಗಿ ಹಳಿಯ ಕಡೆ ತಿರುಗಿದರು. ಅಲ್ಲಿ ಛಾವಣಿಯ ಅಂಚಿನಲ್ಲಿ ಏಳು ಕಂಬಗಳ ತುದಿಗಳು ಸ್ಟೇಷನ್ನಿನ ದಿಕ್ಕಿಗೆ ಒಂದಕ್ಕಿಂತ ಒಂದು ಮೇಲೇರುತ್ತ ಹೋಗಿದ್ದವು, ಇಪ್ಪತ್ತು ಅಡಿಗೆ ಒಂದು ಅಡಿ.

“ಅಕಾ ನೋಡು,” ಎಂದರು. “ಅಲ್ಲಿ ಐತಿ ನನ್ನ ರ‍್ಯಾಂಪ್.”

ಸರ್ ಮತ್ತೆ ನನ್ನ ಹಿಂದೆ ಬಂದು ಸೀಟಿಗೆ ಅಂಗೈ ಒತ್ತಿ ಮೆಲ್ಲಗೆ ನೂಕಿದರು. ಗಾಡಿ ಅವರು ನೂಕಿದಷ್ಟು ದೂರ ಹೋಗಿ ನಿಂತಿತು.